15 ಲೀಟರ್ ಸ್ಟೀಲ್ ಪಾತ್ರೆ ರಿವ್ಯೂ: ಪಾತ್ರೆ ಸೂಪರ್, ಮುಚ್ಚಳ ದಂಡ

ಮನೆಗೆ ಅಂತ ದೊಡ್ಡ ಸ್ಟೀಲ್ ಪಾತ್ರೆ ತಗೊಳ್ಳೋ ಪ್ಲಾನ್ ಇದ್ರೆ ಇದನ್ನ ಓದ್ಕೊಂಡು ಹೋಗಿ, ಅಂಗಡೀಲಿ ನಿಂತ್ಕೊಂಡು ತಲೆ ಕೆಡಿಸ್ಕೊಳ್ಳೋದು ತಪ್ಪುತ್ತೆ. ನಾನು ತಗೊಂಡಿರೋದು 30 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಎತ್ತರದ್ದು, 304 ಅನ್ನೋ ಗ್ರೇಡಿನ ಸ್ಟೀಲು, ಸ್ಯಾಂಡ್‌ವಿಚ್ ಬಾಟಮ್ ಅಂದ್ರೆ ಪದರ ಪದರದ ದಪ್ಪ ತಳ, ಎರಡು ಕಡೆ ಹಿಡಿ, ಸ್ಟೀಲ್ ಮುಚ್ಚಳ, ಎಲ್ಲಾ ಸೇರಿ ಮೂರೂವರೆ ಕೆಜಿ ಹತ್ರ ತೂಗುತ್ತೆ. ಯುಗಾದಿಗೆ ಮುಂಚೆ ತಂದಿದ್ದು. ಹೊಸತೊಡಕಿನ ಮಟನ್ ಸಾರಿಂದ ಶುರುವಾಗಿ ಗೌರಿ ಗಣೇಶನ ಹಬ್ಬದ ಹುಳಿ, ನಾದಿನಿ ಸೀಮಂತದ ಬಿಸಿಬೇಳೆ ಬಾತು, ಸಂಕ್ರಾಂತಿಗೆ ಗೆಣಸು ಕಡ್ಲೆಕಾಯಿ ಅವರೆಕಾಯಿ ಬೇಯ್ಸೋದು, ಎಲ್ಲಾ ಇದರಲ್ಲೇ ಆಗಿದೆ. ಡಬ್ಬ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಬಿಡ್ತಾರಲ್ಲ, ಆ ಥರ ರಿವ್ಯೂ ಅಲ್ಲ ಇದು. ಕಂಪನಿ ಹೆಸರು ಬೇಡ, ಯಾಕಂದ್ರೆ ಇದೇ ಥರದ್ದು ಹತ್ತು ಹೆಸರಲ್ಲಿ ಸಿಗುತ್ತೆ, ನೋಡ್ಬೇಕಾಗಿರೋದು ಹೆಸರನ್ನಲ್ಲ.

ಮೊದಲು ಲೀಟರ್ ವಿಷಯ. ಅಂಗಡಿಯವರು 15 ಲೀಟರ್, 20 ಲೀಟರ್ ಅಂತ ಹೇಳೋದು ಬಾಯಿ ತನಕ ನೀರು ತುಂಬಿದ್ರೆ ಬರೋ ಲೆಕ್ಕ. ಅಷ್ಟು ತುಂಬಿ ಯಾರೂ ಅಡುಗೆ ಮಾಡಲ್ಲ, ಬೇಳೆ ಉಕ್ಕಿ ಸ್ಟವ್ ಎಲ್ಲಾ ಅಭಿಷೇಕ ಆಗೋಗುತ್ತೆ. ಮೇಲೆ ಮೂರು ಬೆರಳು ಜಾಗ ಬಿಟ್ರೆ ಈ ಪಾತ್ರೇಲಿ ನಿಜವಾಗ್ಲೂ ಬೇಯೋದು 12 ಲೀಟರ್. ಕೆಲವು ಪಾತ್ರೆ ಮೇಲಂತೂ ಲೀಟರ್ ಬರೆದೇ ಇರಲ್ಲ, ಬರೀ 28, 30 ಅಂತ ನಂಬರ್ ಇರುತ್ತೆ, ಅದು ಅಗಲ. ಮೊಬೈಲ್ ತೆಗೆದು ಲೆಕ್ಕ ಹಾಕ್ಕೊಳ್ಳಿ: ಅಗಲದ ಅರ್ಧಾನ ಅದೇ ಅರ್ಧದಿಂದ ಗುಣಿಸಿ, 3.14ರಿಂದ ಗುಣಿಸಿ, ಎತ್ತರದಿಂದ ಗುಣಿಸಿ, 1000ದಿಂದ ಭಾಗಿಸಿ. ನಂದು 15.5 ಬರುತ್ತೆ. 24 ಅಗಲ 24 ಎತ್ತರದ್ದು 11 ಲೀಟರ್ ಒಳಗೇ, 28ಕ್ಕೆ 28 ಇದ್ರೆ 17 ಲೀಟರ್, ಅದೇ 36ಕ್ಕೆ 36 ಅಂದ್ರೆ 36 ಲೀಟರ್ ದಾಟುತ್ತೆ. ಅಗಲ ಸ್ವಲ್ಪ ಜಾಸ್ತಿ ಆದ್ರೂ ಲೀಟರ್ ಎಲ್ಲಿಗೋ ಹೋಗುತ್ತೆ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಒಬ್ಬೊಬ್ಬರಿಗೆ ಎರಡು ಸಲ ಬಡಿಸ್ಕೊಳ್ಳೋದು ಸೇರಿ 400 ಎಂಎಲ್ ಸಾರು ಅಂತ ಇಟ್ಕೊಂಡ್ರೆ 12 ಲೀಟರ್‌ನಲ್ಲಿ 30 ಜನ ಆರಾಮಾಗಿ ಉಣ್ತಾರೆ. ಮನೆ ಅಡುಗೆಗೆ ಇದಕ್ಕಿಂತ ದೊಡ್ಡದು ಯಾಕೆ ಬೇಕು ಹೇಳಿ.

ನಾನು ಹೋಗಿದ್ದ ಅಂಗಡೀಲಿ ಸೇಲ್ಸ್ ಹುಡುಗ 36 ಲೀಟರಿನದ್ದೇ ತಗೊಳಿ ಮೇಡಂ, ಹೇಗಿದ್ರೂ ತಗೊಳ್ತೀರ, ಒಂದೇ ಸಲ ದೊಡ್ಡದು ಇರಲಿ ಅಂತ ಬಹಳ ಒತ್ತಾಯ ಮಾಡ್ದ. ಅದರ ತುಂಬ ಸಾರು ಮಾಡಿದ್ರೆ ಒಲೆಯಿಂದ ಇಳ್ಸೋಕೆ ಇಬ್ರು ಗಂಡಸರು ಬೇಕು, 30 ಕೆಜಿ ಮೇಲೆ ಭಾರ, ಅದೂ ಕುದೀತಿರೋದು. ನಂದು ತುಂಬಿದಾಗ ಹದಿನೈದು ಕೆಜಿ ಮೇಲಾಗುತ್ತೆ, ಇದನ್ನೇ ಒಬ್ಬಳೇ ಇಳ್ಸೋಕೆ ಹೋಗಬಾರದು.

ಈಗ ಎತ್ತರಾನೋ ಅಗಲಾನೋ ಅನ್ನೋದು. ನನ್ನ ಪ್ರಕಾರ ಇಡೀ ವ್ಯಾಪಾರದಲ್ಲಿ ತಲೆ ಓಡಿಸ್ಬೇಕಾಗಿರೋ ಜಾಗ ಇದೇ. ಆನ್‌ಲೈನಲ್ಲಿ ಸ್ಟಾಕ್ ಪಾಟ್ ಅಂತ ಹುಡುಕಿದ್ರೆ ಬರೋದೆಲ್ಲಾ ಡ್ರಮ್ ಥರ ಉದ್ದಕ್ಕೆ ಇರೋವು, ಹೋಟೆಲ್‌ನವರು ಮೂಳೆ ಬೇಯಿಸಿ ಸ್ಟಾಕ್ ತೆಗೆಯೋಕೆ ಇಡ್ತಾರಲ್ಲ, ಅವು. ಬಾಯಿ ಕಿರಿದಿದ್ರೆ ನೀರು ಬೇಗ ಆವಿಯಾಗಲ್ಲ, ಗಂಟೆಗಟ್ಟಲೆ ಸಣ್ಣ ಉರೀಲಿ ಬಿಟ್ಟು ಬೇರೆ ಕೆಲಸ ನೋಡ್ಕೋಬಹುದು, ಅವರಿಗೆ ಅದು ಸರಿ. ನಮ್ಮ ಅಡುಗೆ ಹಂಗಲ್ವಲ್ಲ. ಮಟನ್ ಸಾರಿಗೆ ಮೊದಲು ಅದೇ ಪಾತ್ರೇಲಿ ಈರುಳ್ಳಿ ಬಾಡಿಸ್ಬೇಕು, ಮಾಂಸ ಅರಿಶಿನ ಉಪ್ಪು ಹಾಕಿ ನೀರು ಬಿಡೋ ತನಕ ಮೊಗಚ್ತಾ ಇರ್ಬೇಕು, ಖಾರ ಹಾಕಿ ಹಸಿ ವಾಸನೆ ಹೋಗೋ ತನಕ ಕೈಯಾಡಿಸ್ಬೇಕು. ಬಿಸಿಬೇಳೆ ಬಾತಂತೂ ಕೊನೇ ಹತ್ತು ನಿಮಿಷ ಸೌಟು ಬಿಡೋ ಹಾಗಿಲ್ಲ. ಒಂದಡಿ ಆಳದ ಕೊಳವೆ ಒಳಗೆ ಇದೆಲ್ಲಾ ಮಾಡೋಕೆ ಆಗುತ್ತಾ?

ಅಳತೆ ತಗೊಂಡು ನೋಡಿ ಬೇಕಾದ್ರೆ. ಅಡುಗೆ ಕಟ್ಟೆ 33 ಇಂಚು ಅಂದ್ರೆ 84 ಸೆಂಟಿಮೀಟರ್, ಅದರ ಮೇಲೆ ಸ್ಟವ್ 15, ಅದರ ಮೇಲೆ 30 ಎತ್ತರದ ಪಾತ್ರೆ ಇಟ್ರೆ ಬಾಯಿ 129 ಸೆಂಟಿಮೀಟರ್‌ನಲ್ಲಿ ಬರುತ್ತೆ. ಐದಡಿ ಇರೋ ನಮ್ಮಮ್ಮಂಗೆ ಅದು ಭುಜಕ್ಕಿಂತ ಮೇಲೆ, ತಳ ಹಿಡೀತಾ ಇದೆಯಾ ಅಂತ ನೋಡೋಕೆ ಮಣೆ ಹಾಕ್ಕೊಂಡು ಹತ್ತಬೇಕು, ಮುಖಕ್ಕೆ ಹಬೆ ಬೇರೆ. 22 ಎತ್ತರದ್ದು ಆದ್ರೆ ಭುಜದಿಂದ ಕೆಳಗೇ ಇರುತ್ತೆ, ಕೈ ಆರಾಮಾಗಿ ಆಡುತ್ತೆ. 26 ಅಗಲ 30 ಎತ್ತರದ್ದೂ ಹೆಚ್ಚು ಕಮ್ಮಿ 16 ಲೀಟರೇ, ನಂದೂ ಅಷ್ಟೇ, ಆದ್ರೆ ಕೆಲಸ ಮಾಡೋವಾಗ ಎರಡೂ ಒಂದೇ ಅಲ್ಲ. ಅಗಲದ್ದರಲ್ಲಿ ಒಂದು ತೊಂದರೆ ಇದೆ, ಕಾಲು ಸೂಪ್ ಥರದ್ದು ಮೂರ್ನಾಲ್ಕು ಗಂಟೆ ಕುದಿಸಿದ್ರೆ ನೀರು ಇಂಗ್ತಾ ಹೋಗುತ್ತೆ, ಪಕ್ಕದ ಒಲೇಲಿ ಬಿಸಿನೀರು ಇಟ್ಕೊಂಡು ಮಧ್ಯೆ ಮಧ್ಯೆ ಸೇರಿಸ್ಬೇಕು. ಕುಕ್ಕರಲ್ಲಿ ಕೂಗ್ಸಿದ್ರೆ ಬೇಗ ಆಗುತ್ತೆ ನಿಜ, ಆದ್ರೆ ಪಾತ್ರೇಲಿ ಸಣ್ಣಗೆ ಬೆಂದು ಮೇಲಿನ ನೊರೆ ತೆಗೀತಾ ಮಾಡಿದ ಸೂಪಿನ ತಿಳಿ ಕುಕ್ಕರಲ್ಲಿ ಬರಲ್ಲ, ನಮ್ಮನೇಲಿ ಈ ವಿಷಯಕ್ಕೆ ಜಗಳಾನೇ ಆಗುತ್ತೆ.

ತಳದ ವಿಷಯಕ್ಕೆ ಬರೋಣ. ಸ್ಟೀಲು ನೋಡೋಕೆ ಚೆಂದ, ಬಿಸಿ ಹರಡೋದ್ರಲ್ಲಿ ಪೂರ್ತಿ ಸೋಮಾರಿ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಮೇಲೆ ಚೆನ್ನಾಗಿ ಬಿಸಿ ಸಾಗಿಸುತ್ತೆ, ತಾಮ್ರ ಇನ್ನೂ ಮೇಲೆ. ತೆಳು ಸ್ಟೀಲ್ ಪಾತ್ರೇಲಿ ಹುಳಿ ಮಾಡಿದ್ರೆ ಬರ್ನರ್ ಉರಿ ಎಲ್ಲಿ ತಾಗುತ್ತೋ ಅಲ್ಲಿ ಬಳೆ ಥರ ದುಂಡಗೆ ಬೇಳೆ ಹತ್ತಿ ಕಪ್ಪಾಗೋದು ಇದಕ್ಕೇ. ಸ್ಯಾಂಡ್‌ವಿಚ್ ಬಾಟಮ್ ಅಂದ್ರೆ ತಳಕ್ಕೆ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿ, ಅದರ ಕೆಳಗೆ ಮತ್ತೆ ಸ್ಟೀಲು ಮುಚ್ಚಿರ್ತಾರೆ. ಟ್ರೈಪ್ಲೈ ಅಂತ ಇನ್ನೊಂದು ಬರುತ್ತೆ, ಅದರಲ್ಲಿ ಅಲ್ಯೂಮಿನಿಯಂ ಪದರ ಪಕ್ಕದ ಗೋಡೆಗೂ ಹೋಗಿರುತ್ತೆ. ಬಾಣಲೆಗೆ ಟ್ರೈಪ್ಲೈ ತಗೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಇಷ್ಟು ದೊಡ್ಡ ನೀರಿನ ಪಾತ್ರೆಗೆ ಅದು ದಂಡ, ಸಾರು ತಾನೇ ಕುದ್ದು ಮೇಲೆ ಕೆಳಗೆ ಓಡಾಡಿ ಬಿಸಿ ಹಂಚ್ಕೊಳ್ಳುತ್ತೆ, ಪಕ್ಕದ ಗೋಡೆ ದಪ್ಪ ಇದ್ರೇನು ಬಿಟ್ರೇನು. ತಳ ದಪ್ಪ ಇರ್ಬೇಕು, ಅಷ್ಟೇ.

ಅಂಗಡೀಲಿ ಟೆಸ್ಟ್ ಮಾಡೋದು ಸುಲಭ. ಪಾತ್ರೆ ಬೋರಲು ಹಾಕಿ ಬೆರಳಿನ ಗೆಣ್ಣಲ್ಲಿ ಬಡೀರಿ. ತೆಳು ತಳ ಟಣ್ ಅಂತ ರಾಗ ಎಳೆಯುತ್ತೆ, ದಪ್ಪದ್ದು ಠಪ್ ಅಂತ ಅಲ್ಲೇ ನಿಂತೋಗುತ್ತೆ. ಆಮೇಲೆ ಬಿಲ್ಲೆ ಅಂಚು ನೋಡಿ, ಅರ್ಧ ಸೆಂಟಿಮೀಟರ್ ಆದ್ರೂ ದಪ್ಪ ಇರ್ಬೇಕು, ಮತ್ತೆ ಬಿಲ್ಲೆ ಪಾತ್ರೆ ತಳದ ತುದಿ ತನಕ ಬಂದಿರ್ಬೇಕು. ಕೆಲವರು 30 ಅಗಲದ ಪಾತ್ರೆಗೆ 22 ಅಗಲದ ಬಿಲ್ಲೆ ಅಂಟಿಸಿ ಸ್ಯಾಂಡ್‌ವಿಚ್ ಬಾಟಮ್ ಅಂತ ಸ್ಟಿಕ್ಕರ್ ಹಾಕಿರ್ತಾರೆ, ಉರಿ ಅದರ ಆಚೆ ಬಂದು ತೆಳು ಜಾಗಕ್ಕೇ ಹೊಡೀತದೆ, ಅಲ್ಲೇ ಸೀಯುತ್ತೆ. ನಂದರಲ್ಲಿ ಬಿಲ್ಲೆ 28 ತನಕ ಇದೆ. ಬಿಸಿಬೇಳೆ ಬಾತ್ ಮಾಡಿದಾಗ ತಳದಲ್ಲಿ ತೆಳ್ಳಗೆ ಒಂದು ಪದರ ಹಿಡಿದಿತ್ತು, ಸೀದ ವಾಸನೆ ಇಲ್ಲ, ನೀರು ಹಾಕಿ ಬಿಟ್ಟು ಬೆಳಿಗ್ಗೆ ಉಜ್ಜಿದ್ರೆ ಹೋಯ್ತು. ಅನ್ನ ಬೇಳೆ ಸೇರಿದ್ದು ಇಷ್ಟು ಪ್ರಮಾಣದಲ್ಲಿ ಹಿಡೀದೆ ಇರೋಕೆ ಯಾವ ಪಾತ್ರೇಲೂ ಸಾಧ್ಯ ಇಲ್ಲ ಬಿಡಿ.

ಇನ್ನು ಗ್ರೇಡು. 304 ಅಂದ್ರೆ 18/8, ಅಂದ್ರೆ ಶೇಕಡ 18 ಕ್ರೋಮಿಯಂ, 8 ನಿಕಲ್. ಕಮ್ಮಿ ರೇಟಿನ ಪಾತ್ರೆ ಬಹಳಷ್ಟು 202, ಅದರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರ್ತಾರೆ. ಹೊಳಪಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲ್ಲ, ಉಪ್ಪು ಹುಳಿ ಜೊತೆ ವರ್ಷಾನುಗಟ್ಟಲೆ ಬದುಕಬೇಕಾದಾಗ 304 ತುಕ್ಕಿಗೆ ಚೆನ್ನಾಗಿ ತಡೆಯುತ್ತೆ. ಅಂಗಡಿಯವರು ಮ್ಯಾಗ್ನೆಟ್ ಇಟ್ಟು ತೋರಿಸ್ತಾರೆ, ನೋಡಿ ಅಂಟ್ತಾ ಇಲ್ಲ, ಒರಿಜಿನಲ್ 304 ಅಂತ. ಅದನ್ನ ನಂಬ್ಬೇಡಿ, 202ಗೂ ಮ್ಯಾಗ್ನೆಟ್ ಅಂಟಲ್ಲ! ಇನ್ನೊಂದು ಮಜಾ ಏನಪ್ಪಾ ಅಂದ್ರೆ ಇಂಡಕ್ಷನ್‌ಗೆ ಆಗೋ ಪಾತ್ರೆ ತಳಕ್ಕೆ ಮ್ಯಾಗ್ನೆಟ್ ಅಂಟಲೇಬೇಕು, ಅಲ್ಲಿ ಹಾಕಿರೋದು ಮ್ಯಾಗ್ನೆಟ್ ಅಂಟೋ 430 ಥರದ ಗ್ರೇಡಿನ ಸ್ಟೀಲು. ಪಕ್ಕದಲ್ಲಿ ನಿಂತಿರೋ ಅಂಕಲ್ ಒಬ್ರು ತಳಕ್ಕೆ ಮ್ಯಾಗ್ನೆಟ್ ಅಂಟ್ತು ಅಂತ ಡೂಪ್ಲಿಕೇಟು ಡೂಪ್ಲಿಕೇಟು ಅಂತ ಗಲಾಟೆ ಮಾಡೋದು ಈ ಅಂಗಡಿಗಳಲ್ಲಿ ಮಾಮೂಲಿ. ಮ್ಯಾಗ್ನೆಟ್‌ನಿಂದ ಇಂಡಕ್ಷನ್‌ಗೆ ಆಗುತ್ತೋ ಇಲ್ವೋ ಅಷ್ಟು ಗೊತ್ತಾಗುತ್ತೆ, ಗ್ರೇಡು ಗೊತ್ತಾಗಲ್ಲ. ಗ್ರೇಡಿಗೆ ಪಾತ್ರೆ ಮೇಲೆ ಒತ್ತಿರೋ ಮಾರ್ಕು, ಬಿಲ್ಲಲ್ಲಿ 304 ಅಂತ ಬರೆಸ್ಕೊಳ್ಳೋದು, ಇವೆರಡೇ ದಾರಿ. ಸ್ಟೀಲ್ ಪಾತ್ರೆಗೆ ಐಎಸ್‌ಐ ಮಾರ್ಕು ಕಡ್ಡಾಯ ಅಂತ 2024ರಲ್ಲಿ ಕೇಂದ್ರ ಸರ್ಕಾರ ಆರ್ಡರ್ ಮಾಡಿತ್ತು, ಸ್ಟ್ಯಾಂಡರ್ಡ್ ನಂಬರ್ ಐಎಸ್ 14756, ಅದು ಇದೆಯಾ ಅಂತ ತಿರುಗಿಸಿ ನೋಡಿ. ಬರೀ ನೀರು ಕಾಯ್ಸೋಕೆ, ಗೆಣಸು ಬೇಯ್ಸೋಕೆ ಅಂದ್ರೆ 202 ಸಾಕು, ಅದಕ್ಕೆ ಯಾರೂ ಅವಮಾನ ಮಾಡ್ಬೇಕಾಗಿಲ್ಲ.

ಅಂಗಡಿ ಬಗ್ಗೆ. ನಾನು ತಗೊಂಡಿದ್ದು ಚಿಕ್ಕಪೇಟೆ ಬಳೇಪೇಟೆ ಕಡೆ ಗಲ್ಲಿಯೊಂದರಲ್ಲಿ. ಕಾರು ತಗೊಂಡು ಹೋಗೋ ಧೈರ್ಯ ಮಾಡ್ಬೇಡಿ, ಗ್ರೀನ್ ಲೈನ್ ಮೆಟ್ರೋ ಚಿಕ್ಕಪೇಟೆಯಲ್ಲೇ ನಿಲ್ಲುತ್ತೆ, ಬರೋವಾಗ ಪಾತ್ರೆ ತೊಡೆ ಮೇಲೆ ಇಟ್ಕೊಂಡು ಬಂದೆ, ಅದರೊಳಗೇ ಅರ್ಧ ಕೆಜಿ ಬ್ಯಾಡಗಿ ಮೆಣಸಿನಕಾಯಿ ಪೊಟ್ಟಣ. ಅಲ್ಲಿ ಸಾದಾ ಸ್ಟೀಲ್ ಪಾತ್ರೆ ಕೆಜಿ ಲೆಕ್ಕದಲ್ಲಿ ಮಾರ್ತಾರೆ, ತಕ್ಕಡೀಲಿ ಇಟ್ಟು ಮುಚ್ಚಳ ಸಮೇತ ತೂಗ್ತಾರೆ. ಇದ್ರಲ್ಲಿ ಒಂದು ಒಳ್ಳೇದು, ಮೋಸ ಕಮ್ಮಿ, ದಪ್ಪ ಬೇಕಾದ್ರೆ ಜಾಸ್ತಿ ಕೊಡು, ತೆಳು ಸಾಕಾದ್ರೆ ಕಮ್ಮಿ ಕೊಡು. ಒಂದೇ ಅಳತೆಯ ಎರಡು ಪಾತ್ರೆ ತೂಗಿಸಿ ನೋಡಿದ್ರೆ ಯಾವುದು ದಪ್ಪ ಅಂತ ತಕ್ಕಡೀನೇ ಹೇಳುತ್ತೆ. ಗೇಜು ಅಂದ್ರೆ ತಗಡಿನ ದಪ್ಪದ ನಂಬರ್ ಕೇಳಿದ್ರೆ ನೆನಪಿರಲಿ, ನಂಬರ್ ದೊಡ್ಡದಾದಷ್ಟೂ ತಗಡು ತೆಳು, 18 ಗೇಜು ದಪ್ಪ, 24 ಗೇಜು ತೆಳು. ಸ್ಯಾಂಡ್‌ವಿಚ್ ಬಾಟಮ್ ಮಾತ್ರ ಪೀಸ್ ಲೆಕ್ಕ, ಅಲ್ಲಿ ಚೌಕಾಶಿಗೆ ಜಾಗ ಇದೆ. ಆನ್‌ಲೈನಲ್ಲಿ ವಿನೋದ್, ಮೇಯರ್, ಬರ್ಗ್ನರ್ ಅಂತ ಬ್ರ್ಯಾಂಡಿನವು ಸಿಗ್ತವೆ, ವಾರಂಟಿ ಬೇಕು ಅನ್ನೋರು ಅದನ್ನ ನೋಡ್ಕೊಳ್ಳಿ, ನಂಗೆ ಬಡಿದು ನೋಡ್ದೆ ಪಾತ್ರೆ ತಗೊಳ್ಳೋಕೆ ಮನಸ್ಸು ಬರಲ್ಲ. ಅಂಗಡಿ ಹುಡುಗರು ಒಳ್ಳೆಯವರು, ಐದಾರು ಪಾತ್ರೆ ಅಟ್ಟದಿಂದ ಇಳ್ಸಿ ತೋರಿಸಿದ್ರು, ಮುಖ ಸಿಂಡರಿಸ್ಲಿಲ್ಲ. ಹೆಸರು ಕೆತ್ತೋ ಮಿಷನ್ ಅಲ್ಲೇ ಇತ್ತು, ಟರ್ರ್ ಅಂತ ಎರಡು ನಿಮಿಷದಲ್ಲಿ ನಮ್ಮಮ್ಮನ ಹೆಸರು ಕಂಠದ ಹತ್ರ ಬರೆದುಕೊಟ್ಟ. ಕೆತ್ತಿದ ಮೇಲೆ ವಾಪಸ್ ತಗೊಳ್ಳಲ್ಲ, ಹಾಗಾಗಿ ಅದಕ್ಕೆ ಮುಂಚೆನೇ ಸಮತಟ್ಟು ಜಾಗದಲ್ಲಿಟ್ಟು ಅಲ್ಲಾಡುತ್ತಾ ನೋಡ್ಕೊಳ್ಳಿ.

ಈಗ ದೂರು. ಮುಚ್ಚಳ. ಇಷ್ಟು ಒಳ್ಳೆ ಪಾತ್ರೆಗೆ ಇಷ್ಟು ದರಿದ್ರ ಮುಚ್ಚಳ ಮಾಡೋಕೆ ಮನಸ್ಸಾದ್ರೂ ಹೇಗೆ ಬರುತ್ತೋ. ತಗಡು ತೆಳು, ಕುದಿ ಬಂದ ತಕ್ಷಣ ತಾಳ ಹಾಕೋಕೆ ಶುರು ಮಾಡುತ್ತೆ. ಅಂಚು ಸರಿಯಾಗಿ ಒಳಗೆ ಕೂರಲ್ಲ, ಹಬೆ ನೀರಾಗಿ ಪಾತ್ರೆ ಹೊರಗಡೆ ಇಳಿದು ಸ್ಟವ್ ಮೇಲೆ ಚುಯ್ ಅನ್ನುತ್ತೆ. ಮೇಲಿನ ಗುಂಡಿಯೂ ಸ್ಟೀಲೇ, ಬಟ್ಟೆ ಇಲ್ದೆ ಮುಟ್ಟೋ ಹಾಗಿಲ್ಲ. ಇನ್ನೂ ಕೆಟ್ಟದ್ದು ಅದರ ಸುತ್ತಿದ ಅಂಚು, ಸುರುಳಿ ಪೂರ್ತಿ ಮುಚ್ಚಿಲ್ಲ, ತೊಳೆದಾಗ ನೀರು ಒಳಗೆ ಸೇರ್ಕೊಂಡು, ಒರೆಸಿ ಕಟ್ಟೆ ಮೇಲಿಟ್ಟ ಅರ್ಧ ಗಂಟೆ ಆದ್ಮೇಲೆ ಮಾಸಲು ಬಣ್ಣದ ಹನಿ ಒಂದೊಂದೇ ಹೊರಗೆ ಬರುತ್ತೆ. ನೆಟ್ಟಗೆ ನಿಲ್ಸಿ ಒಣಗಿಸ್ಬೇಕು. ತಗೊಳ್ಳೋವಾಗ ಎಲ್ಲರೂ ಪಾತ್ರೆನೇ ನೋಡ್ತಾರೆ, ಮುಚ್ಚಳದ ಅಂಚಿನ ಮೇಲೆ ಉಗುರು ಎಳೆದು ನೋಡಿ, ಸಂದು ಸಿಕ್ಕಿದ್ರೆ ಬೇರೆ ಕೊಡಿ ಅನ್ನಿ. ಸದ್ಯಕ್ಕೆ ನಾನು ಹಳೇ ಹಿತ್ತಾಳೆ ತಟ್ಟೆ ಮುಚ್ಚಿ ಕೆಲಸ ನಡೆಸ್ತಾ ಇದೀನಿ.

ಹಿಡಿ ಗಟ್ಟಿ ಇದೆ, ರಿವೆಟ್ ಹೊಡೆದಿರೋದು, ಒಂದೊಂದು ಕಡೆ ಎರಡೆರಡು. ಸ್ಪಾಟ್ ವೆಲ್ಡಿಂಗ್ ಮಾಡಿರೋ ಹಿಡಿ ನೋಡೋಕೆ ನೀಟು, ಒಳಗಡೆ ಏನೂ ಚಾಚಿರಲ್ಲ, ತೊಳೆಯೋಕೂ ಸುಲಭ, ಆದ್ರೆ 12 ಕೆಜಿ ಕುದಿಯೋ ಸಾರನ್ನ ಎರಡು ಚುಕ್ಕಿ ಬೆಸುಗೆ ನಂಬಿ ಎತ್ತೋಕೆ ನಂಗಂತೂ ಆಗಲ್ಲ. ರಿವೆಟ್ ತಲೆ ಸುತ್ತ ಅರಿಶಿನ ಜಿಡ್ಡು ಕೂತ್ಕೊಳ್ಳುತ್ತೆ, ಹಳೇ ಹಲ್ಲುಜ್ಜೋ ಬ್ರಷ್ ಇಟ್ಕೊಳ್ಳಿ. ಹಿಡಿ ಸಂದಿಗೆ ಮಡಚಿದ ಬಟ್ಟೆ ಹಿಡಿದು ನಾಲ್ಕೂ ಬೆರಳು ಹೋಗ್ಬೇಕು, ಅದನ್ನ ಅಂಗಡೀಲೇ ಹಾಕಿ ನೋಡಿ, ಕೆಲವದರಲ್ಲಿ ಎರಡೇ ಬೆರಳು ಹೋಗೋದು.

ಗ್ಯಾಸ್ ಮೇಲೆ ಹೇಗಿದೆ ಅಂದ್ರೆ, ತಾಳ್ಮೆ ಬೇಕು. ಮನೆ ಸ್ಟವ್‌ನ ದೊಡ್ಡ ಬರ್ನರ್ ಎರಡು ಕಿಲೋವ್ಯಾಟ್ ಅಂತ ಇಟ್ಕೊಂಡು, ಅದರಲ್ಲಿ ಪಾತ್ರೆಗೆ ಸೇರೋದು ಮೂರರಲ್ಲಿ ಎರಡು ಪಾಲು ಅಂದ್ಕೊಂಡ್ರೆ 12 ಲೀಟರ್ ತಣ್ಣೀರು ಕುದಿ ಬರೋಕೆ ಮುಕ್ಕಾಲು ಗಂಟೆ ಬೇಕೇ ಬೇಕು, ಅದು ಪಾತ್ರೆ ತಪ್ಪಲ್ಲ, ನೀರಿನ ಸ್ವಭಾವ. ಗ್ಯಾಸ್ ಖರ್ಚು ಭಯ ಪಡೋಷ್ಟಿಲ್ಲ, ಆ ಕುದಿಗೆ 120, 130 ಗ್ರಾಂ ಹೋಗುತ್ತೆ, ಸಿಲಿಂಡರ್ ಇರೋದು 14.2 ಕೆಜಿ. ಅರ್ಧ ನೀರನ್ನ ಪಕ್ಕದ ಬರ್ನರ್‌ನಲ್ಲಿ ಬೇರೆ ಪಾತ್ರೇಲಿ ಕಾಯಿಸಿ ಸುರಿದ್ರೆ ಟೈಮು ಉಳಿಯುತ್ತೆ. ಗ್ಲಾಸ್ ಟಾಪ್ ಸ್ಟವ್ ಇರೋರು ಮಾತ್ರ ಯೋಚ್ನೆ ಮಾಡಿ, ಅಗಲದ ಪಾತ್ರೆ ಗಂಟೆಗಟ್ಟಲೆ ಇಟ್ರೆ ಬಿಸಿ ವಾಪಸ್ ಗಾಜಿಗೇ ಹೊಡೆಯುತ್ತೆ, ಅಂಥವರು ಹಿತ್ತಲಲ್ಲೋ ಬಾಲ್ಕನೀಲೋ ಒಂಟಿ ಬರ್ನರ್ ಸ್ಟವ್ ಇಟ್ಕೊಳ್ಳೋದು ವಾಸಿ. ಇಂಡಕ್ಷನ್‌ನಲ್ಲಿ ಕೆಲಸ ಮಾಡುತ್ತೆ, ಆದ್ರೆ ಮನೆ ಇಂಡಕ್ಷನ್ ಕಾಯಿಲ್ ಸಣ್ಣದು, 15 ಕೆಜಿ ಭಾರಾನ ಆ ಗಾಜಿನ ಮೇಲೆ ಇಡೋಕೆ ನಾನು ರೆಡಿ ಇಲ್ಲ.

ಹುಣಸೆ ಹುಳಿ, ಟೊಮ್ಯಾಟೊ ಎಷ್ಟು ಕುದಿಸಿದ್ರೂ ಏನೂ ಆಗಿಲ್ಲ, ಅಲ್ಯೂಮಿನಿಯಂ ಪಾತ್ರೇಲಿ ಬರೋ ಲೋಹದ ರುಚಿ ಇಲ್ಲ, ಹಿತ್ತಾಳೆ ಪಾತ್ರೆ ಥರ ಕಲಾಯಿ ಹಾಕ್ಸೋ ತಾಪತ್ರಯ ಇಲ್ಲ. ಉಪ್ಪು ಮಾತ್ರ ತಣ್ಣೀರಿಗೆ ಹಾಕ್ಬೇಡಿ, ಕಲ್ಲುಪ್ಪು ತಳದಲ್ಲಿ ಕೂತು ಸೂಜಿ ಚುಚ್ಚಿದ ಹಾಗೆ ಚುಕ್ಕಿ ಬೀಳುತ್ತೆ, 304 ಆದ್ರೂ ಬೀಳುತ್ತೆ, ಅದು ಹೋಗಲ್ಲ. ಕುದಿ ಬಂದ ಮೇಲೆ ಹಾಕಿ ಒಂದು ಸಲ ತಿರುಗಿಸಿ. ಒಳಗಡೆ ಕಾಮನಬಿಲ್ಲಿನ ಬಣ್ಣ ಬಂದ್ರೆ, ಬೋರ್‌ವೆಲ್ ನೀರಿಂದ ಬಿಳೀ ಕಲೆ ಕೂತ್ರೆ ಗಾಬರಿ ಬೇಡ, ಹಿಂಡಿದ ಹುಣಸೆ ಹಿಪ್ಪೆ ಎಸೀದೆ ಅದರಲ್ಲೇ ಉಜ್ಜಿ, ಹೊಸದರ ಹಾಗಾಗುತ್ತೆ.

ತೊಳೆಯೋದು ಕಷ್ಟ ಅನ್ನೋದನ್ನ ಮುಚ್ಚಿಡಲ್ಲ. ಹಿಡಿ ಸೇರಿ 40 ಸೆಂಟಿಮೀಟರ್ ಆಗುತ್ತೆ, ನಮ್ಮ ಸಿಂಕಲ್ಲಿ ಓರೆ ಮಾಡಿ ಇಟ್ರೆ ನಲ್ಲಿಗೆ ತಾಗುತ್ತೆ, ಬಚ್ಚಲಿಗೇ ಒಯ್ಯೋದು. ಸಿಂಕ್ ಅಳತೆ, ಬರ್ನರಿಂದ ಗೋಡೆಗೆ ಇರೋ ಜಾಗ, ಅಟ್ಟದ ಎತ್ತರ ಮೂರನ್ನೂ ಟೇಪ್ ಹಿಡಿದು ಬರ್ಕೊಂಡು ಹೋಗಿ. ಉಳಿದ ಸಾರನ್ನ ಇದರಲ್ಲೇ ಮುಚ್ಚಿಟ್ಟು ಮಲಗ್ಬೇಡಿ, ಇಷ್ಟು ದೊಡ್ಡ ಪಾತ್ರೆ ತಣಿಯೋಕೆ ರಾತ್ರಿಯೆಲ್ಲಾ ತಗೊಳ್ಳುತ್ತೆ, ನಡುಭಾಗ ಉಗುರುಬೆಚ್ಚಗೇ ಇದ್ದು ಬೆಳಿಗ್ಗೆಗೆ ಹಳಸಿರುತ್ತೆ, ಮಾಂಸದ ಸಾರಾದ್ರೆ ಹೊಟ್ಟೆಗೂ ಅಪಾಯ. ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೇಸನ್ನಲ್ಲಿಟ್ಟು ಆರಿಸಿ ಫ್ರಿಜ್ಜಿಗೆ ಹಾಕಿ.

ಪಾತ್ರೆಗೆ ನಾಲ್ಕೂವರೆ ಸ್ಟಾರು, ಮುಚ್ಚಳಕ್ಕೆ ಒಂದು. ಮನೇಲಿ ನಾಲ್ಕೇ ಜನ, ಹಬ್ಬಕ್ಕೂ ಹತ್ತು ಜನ ದಾಟಲ್ಲ ಅನ್ನೋರಿಗೆ 10, 11 ಲೀಟರಿನದ್ದು ಧಾರಾಳ ಆಗುತ್ತೆ. 50 ಜನ ದಾಟೋ ಅಡುಗೆ ಆದ್ರೆ ಯಾವ ಸ್ಟೀಲ್ ಪಾತ್ರೇನೂ ತಗೋಬೇಡಿ, ಏರಿಯಾದ ಶಾಮಿಯಾನ ಅಂಗಡೀಲಿ ದೊಡ್ಡ ಪಾತ್ರೆ, ಸೌಟು, ಒಲೆ ಎಲ್ಲಾ ದಿನದ ಬಾಡಿಗೆಗೆ ಸಿಗುತ್ತೆ, ಹಿಂದಿನ ದಿನ ಸಂಜೆನೇ ತಂದಿಟ್ಕೊಂಡು ಒಂದು ಸಲ ಚೆನ್ನಾಗಿ ತೊಳ್ಕೊಳ್ಳಿ.